ಕ್ಷಿಪ್ರರೇಖೆಯ ಅಭ್ಯಾಸ

ಚಿತ್ರ ಬರೆಯುವುದು ತಮ್ಮಿಂದಾಗದ ಕೆಲಸವೆಂದು ವಿದ್ಯಾವಂತರಾದವರು ಯಾವ ಸಂಕೋಚವೂ ಇಲ್ಲದೆ ಹೇಳಿಬಿಡುತ್ತಾರೆ. ತಮಗೆ ಓದುಬರಹ ಬಾರದೆಂದು ಹೇಳಬೇಕಾಗಿ ಬಂದಿದ್ದರೆ ಅವರೇ ಎಷ್ಟು ನಾಚುತ್ತಿದ್ದರೋ ಊಹಿಸಬಹುದು. ಬರವಣಿಗೆಯನ್ನು ಎಲ್ಲರೂ ಕಲಿಯತಕ್ಕ ವಿದ್ಯೆಯೆಂದೂ, ಚಿತ್ರಣವನ್ನು ಕೆಲವರಿಗೆ ಮಾತ್ರ ಪೂರ್ವಜನ್ಮದ ಪುಣ್ಯದಿಂದ ಒದಗುವ ವರವೆಂದೂ ನಾವು ವಿಭಾಗ ಮಾಡಿಕೊಂಡಿದ್ದೇವೆ. ಐದಾರು ವರ್ಷದ ಮಗು ಕೈಗೆ ಸಿಕ್ಕ ಸೀಮೆಸುಣ್ಣದಿಂದಲೋ ಇದ್ದಿಲಿನಿಂದಲೋ ಗೋಡೆಯ ಮೇಲೆ ಆನೆಯನ್ನೂ ರೈಲುಬಂಡಿಯನ್ನೂ ನಿರ್ಭಯವಾಗಿ ಬರೆಯುತ್ತದೆಂಬುದನ್ನೂ, ಆ ಮಗುವೇ ಹತ್ತು ಹನ್ನೆರಡರ ವಯಸ್ಸಿಗೆ ಬರುವ ವೇಳೆಗೆ ಬಿಳಿಯ ಹಾಳೆಯನ್ನು ಕಂಡೊಡನೆ ಕೈ ಹಿಂತೆಗೆಯುತ್ತದೆಂಬುದನ್ನೂ ಜೊತೆಯಾಗಿಟ್ಟು ಯೋಚಿಸಿದವರು ವಿರಳ.

ನಡುವೆ ನಡೆದದ್ದು ನಕಲಿನ ಶಿಕ್ಷಣ. ಅಚ್ಚಾದ ಹೂದಾನಿಯನ್ನೋ ಮಾವಿನ ಎಲೆಯನ್ನೋ ಎದುರಿಗಿಟ್ಟುಕೊಂಡು, ಚೌಕಗಳನ್ನು ಹಾಕಿ, ಎಡಬಲಗಳನ್ನು ಸ್ಕೇಲಿನಿಂದ ಅಳೆದು, ಬರೆದುದನ್ನು ರಬ್ಬರಿನಿಂದ ಅಳಿಸಿ, ಅಳಿಸಿದುದನ್ನು ಮರಳಿ ಬರೆದು, ಕಾಗದದ ಮೈ ಸವೆಯುವವರೆಗೂ ತಿದ್ದಿ, ಕೊನೆಗೆ ಒಂದೇ ದಪ್ಪದ ಕಪ್ಪು ಗೆರೆಯಿಂದ ಹೊರರೇಖೆಯನ್ನು ಮುಗಿಸಿದರೆ ಅಂಕ ದೊರೆಯುತ್ತದೆಂಬ ಕ್ರಮದಲ್ಲಿ ಬೆಳೆದ ಹುಡುಗ, ಚಿತ್ರವೆಂದರೆ ತಪ್ಪಿಲ್ಲದ ಗೆರೆಗಳ ಮೊತ್ತವೆಂದು ನಂಬುತ್ತಾನೆ. ತನ್ನ ಗೆರೆ ತಪ್ಪದೆ ಇರಲಾರದೆಂಬುದು ಅವನಿಗೆ ಬಲುಬೇಗ ಗೊತ್ತಾಗುತ್ತದೆ. ಆಮೇಲೆ ಅವನು ಬರೆಯುವುದಿಲ್ಲ. ಲೋಯರ್, ಹೈಯರ್ ಎಂದು ನಮ್ಮಲ್ಲಿ ಹೆಸರಾಗಿರುವ ಡ್ರಾಯಿಂಗ್ ಪರೀಕ್ಷೆಗಳನ್ನು ಹಗುರವಾಗಿ ಕಾಣುವ ಉದ್ದೇಶ ನನಗಿಲ್ಲ. ಅವುಗಳಿಗೆ ಹುಡುಗರನ್ನು ಸಿದ್ಧಪಡಿಸಿದ ಡ್ರಾಯಿಂಗ್ ಮೇಷ್ಟ್ರುಗಳು ಎಷ್ಟೋ ಊರುಗಳಲ್ಲಿ ಕಲೆಯ ಹೆಸರೆತ್ತುವ ಏಕೈಕ ವ್ಯಕ್ತಿಗಳಾಗಿದ್ದರು. ಆದರೆ ಹೂದಾನಿ ಕದಲುವುದಿಲ್ಲ. ಕದಲುತ್ತಿರುವ ಲೋಕವನ್ನು, ಬಸ್ಸಿಗೆ ಕಾಯುತ್ತ ಭಾರವನ್ನು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಬದಲಿಸುತ್ತಿರುವ ಮನುಷ್ಯನನ್ನು, ಬಾಲ ಬೀಸುತ್ತಿರುವ ದನವನ್ನು, ಅವು ಕಣ್ಣೆದುರಿಗಿರುವ ಆ ಒಂದೆರಡು ನಿಮಿಷಗಳಲ್ಲಿಯೇ ಪೆನ್ಸಿಲಿನ ಕೆಲವು ಗೆರೆಗಳಿಂದ ಕಾಗದಕ್ಕೆ ತರುವ ವಿದ್ಯೆ ಬೇರೆಯೇ ಇದೆ. ಅದನ್ನು ಕ್ಷಿಪ್ರಚಿತ್ರವೆಂದು ಕರೆಯೋಣ. ಸಾಮಾನ್ಯ ಮನುಷ್ಯನು ಚಿತ್ರಕಲೆಯನ್ನು ಪ್ರವೇಶಿಸುವುದಕ್ಕೆ ಅದೇ ಅತ್ಯಂತ ಸುಗಮವಾದ ದಾರಿಯೆಂದು ನಾನು ದೃಢವಾಗಿ ನಂಬಿದ್ದೇನೆ.

ಕ್ಷಿಪ್ರವೆಂದೊಡನೆ ಕೈಯನ್ನು ಅವಸರದಿಂದ ಓಡಿಸುವುದೆಂದು ತಿಳಿಯುವವರುಂಟು. ನುರಿತ ಚಿತ್ರಕಾರನೊಬ್ಬನು ಸಂತೆಯಲ್ಲಿ ಕುಳಿತು ಬರೆಯುವಾಗ ಪಕ್ಕದಲ್ಲಿ ನಿಂತು ನೋಡಿದರೆ ಬೇರೊಂದು ಸಂಗತಿ ಕಾಣಬರುತ್ತದೆ: ಅವನ ಕೈ ಬಹುಮಟ್ಟಿಗೆ ನಿಧಾನವಾಗಿಯೇ ಚಲಿಸುತ್ತದೆ, ಎಷ್ಟೋ ವೇಳೆ ಕಾಗದದ ಮೇಲೆ ಸುಮ್ಮನೆ ತಡೆದು ನಿಂತಿರುತ್ತದೆ, ಅದು ಎಳೆಯುವ ಗೆರೆಗಳ ಸಂಖ್ಯೆ ಮಾತ್ರ ಅತ್ಯಲ್ಪ. ಯಾವುದನ್ನು ಬರೆಯಬೇಕು, ಯಾವುದನ್ನು ಬಿಡಬೇಕು ಎಂಬ ನಿರ್ಣಯ ಗೆರೆಗಿಂತ ಮೊದಲೇ ಆಗಿರುವುದರಿಂದ ಚಿತ್ರವು ಶೀಘ್ರವಾಗಿ ಮುಗಿಯುತ್ತದೆ. ಹಾಗೆ ನಿರ್ಣಯಿಸುವ ಶಕ್ತಿ ಕಣ್ಣಿನದು; ಆದುದರಿಂದ ಕ್ಷಿಪ್ರಚಿತ್ರದ ಅಭ್ಯಾಸದ ಬಹುಭಾಗ ಕಣ್ಣಿನ ಅಭ್ಯಾಸವೇ ಆಗಿದೆ. ಬೆಳಗಿನ ಹೊತ್ತು ಬಾಗಿಲ ಮುಂದೆ ಬಗ್ಗಿ ರಂಗೋಲಿಯಿಡುವ ಗೃಹಿಣಿಯನ್ನು ಲಕ್ಷ್ಯವಿಟ್ಟು ನೋಡಿ. ಬೆರಳ ಸಂದಿಯಿಂದ ಪುಡಿ ಇಳಿಯುತ್ತಿರುವಾಗ ಅವಳ ದೃಷ್ಟಿ ಮುಂದಿನ ಚುಕ್ಕಿಯ ಮೇಲಿರುತ್ತದೆ, ಕೈ ದೃಷ್ಟಿಯನ್ನು ಹಿಂಬಾಲಿಸುತ್ತದೆ, ಗೆರೆ ಎಲ್ಲಿಯೂ ಕಂಪಿಸುವುದಿಲ್ಲ, ಅಳಿಸುವ ಮಾತೇ ಏಳುವುದಿಲ್ಲ. ಕ್ಷಿಪ್ರಚಿತ್ರಕ್ಕೆ ಬೇಕಾದ ಧೈರ್ಯವೆಲ್ಲವೂ ಆ ಕೈಯಲ್ಲಿದೆ. ಹಾಗಿದ್ದೂ ತನಗೆ ಚಿತ್ರ ಬರೆಯಲು ಬಾರದೆಂದು ಅವಳು ಹೇಳುತ್ತಾಳೆ, ನಾವೂ ಅದನ್ನು ಒಪ್ಪಿಕೊಳ್ಳುತ್ತೇವೆ. ಇದು ನನಗೆ ದುಃಖದ ಸಂಗತಿಯಾಗಿ ತೋರುತ್ತದೆ.

ರೇಖೆಗೆ ಇಂಥ ಹಿರಿಮೆಯನ್ನು ಕೊಡುವುದು ಹೊಸಗಾಲದ ಅಭಿಪ್ರಾಯವಲ್ಲ. ವಿಷ್ಣುಧರ್ಮೋತ್ತರ ಪುರಾಣದ ತೃತೀಯ ಖಂಡದಲ್ಲಿ ಅಡಕವಾಗಿರುವ ಚಿತ್ರಸೂತ್ರವು, ಚಿತ್ರವೊಂದನ್ನು ಕಂಡಾಗ ಆಚಾರ್ಯರಾದವರು ರೇಖೆಯನ್ನು ಪ್ರಶಂಸಿಸುತ್ತಾರೆಂದೂ, ಉಳಿದವರು ತಮ್ಮ ತಮ್ಮ ಅಭಿರುಚಿಗೆ ತಕ್ಕಂತೆ ಛಾಯೆಯನ್ನೋ ಭೂಷಣವನ್ನೋ ವರ್ಣಸಮೃದ್ಧಿಯನ್ನೋ ಮೆಚ್ಚುತ್ತಾರೆಂದೂ ಹೇಳುತ್ತದೆ. ಅದೇ ಗ್ರಂಥವು ಗಾಳಿಗೆ ಸಿಕ್ಕ ಅಲೆ, ಜ್ವಾಲೆ, ಹೊಗೆ, ಪತಾಕೆಗಳ ಚಲನೆಯನ್ನು ತೋರಿಸಬಲ್ಲವನನ್ನೂ, ಮಲಗಿ ನಿದ್ರಿಸುವವನಲ್ಲಿ ಚೈತನ್ಯವಿದೆ, ಸತ್ತವನಲ್ಲಿ ಅದಿಲ್ಲ ಎಂಬ ಅಂತರವನ್ನು ಕಾಣಿಸಬಲ್ಲವನನ್ನೂ ಚಿತ್ರವಿದನೆಂದು ಗೌರವಿಸುತ್ತದೆ. ಮಾರ್ಕಂಡೇಯ ಮುನಿಯು ವಜ್ರನೆಂಬ ರಾಜನಿಗೆ ಚಿತ್ರಲಕ್ಷಣವನ್ನು ಉಪದೇಶಿಸುವ ಮುನ್ನ, ನೃತ್ಯವನ್ನರಿಯದವನಿಗೆ ಚಿತ್ರವು ತಿಳಿಯಲಾರದೆಂದು ಎಚ್ಚರಿಸುವ ಸಂದರ್ಭವಂತೂ ಈ ವಿಷಯವನ್ನು ಕುರಿತು ನಾನು ಬಲ್ಲ ಮಾತುಗಳಲ್ಲೆಲ್ಲ ಅತ್ಯಂತ ಆಳವಾದುದು.

ಆ ಉಪದೇಶವನ್ನು ಅಕ್ಷರಶಃ ಆಚರಿಸಿದ ಚಿತ್ರಕಾರರೊಬ್ಬರು ನಮ್ಮವರೇ ಎಂಬುದು ಸಂತೋಷದ ವಿಷಯ. ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ 1911ರಲ್ಲಿ ಜನಿಸಿ, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿಯೂ ಅನಂತರ ಪ್ಯಾರಿಸ್ಸಿನಲ್ಲಿಯೂ ಅಭ್ಯಾಸಮಾಡಿದ ಕೆ. ಕೆ. ಹೆಬ್ಬಾರರು, ದೇಹದ ಲಯ ಗೆರೆಗೆ ಹೇಗೆ ಇಳಿಯುತ್ತದೆಂಬುದನ್ನು ಸ್ವಂತ ಅಂಗಾಂಗಗಳಿಂದಲೇ ತಿಳಿಯುವ ಸಲುವಾಗಿ ಕಥಕ್ ನೃತ್ಯವನ್ನು ಕಲಿತರು. 1964ರಲ್ಲಿ ‘ದಿ ಸಿಂಗಿಂಗ್ ಲೈನ್’ ಎಂಬ ಹೆಸರಿನಿಂದ ಅವರ ರೇಖಾಚಿತ್ರಗಳ ಸಂಕಲನ ಹೊರಬಂದಿತು. ಅವರ ನರ್ತಕಿಯ ಚಿತ್ರಗಳಲ್ಲಿ ಮುಖದ ವಿವರವಿಲ್ಲ, ಬೆರಳುಗಳ ಎಣಿಕೆಯಿಲ್ಲ, ಬಟ್ಟೆಯ ನಕ್ಕಿಯಿಲ್ಲ. ಭುಜದಿಂದ ಹೊರಟ ಗೆರೆಯೊಂದು ಸೊಂಟದಲ್ಲಿ ತಿರುಗಿ ಪಾದದಲ್ಲಿ ಬಂದು ನೆಲವನ್ನು ಮುಟ್ಟುವಷ್ಟರಲ್ಲಿ ನೋಡುವವನಿಗೆ ತಾಳವೇ ಕೇಳಿಸಿದಂತಾಗುತ್ತದೆ. ಅವರು ಬಹುಮಟ್ಟಿಗೆ ಮಸಿಯಲ್ಲಿ ಬರೆದರೆಂಬುದು ನಿಜ. ಪೆನ್ಸಿಲು ಹಿಡಿದ ಹೊಸಬನಿಗೆ ಅವರಿಂದ ಕಲಿಯತಕ್ಕದ್ದೇನೆಂದರೆ, ಬಿಟ್ಟುಬಿಡುವ ಆ ಸ್ಥೈರ್ಯ.

ಉಪಕರಣದ ವಿಚಾರಕ್ಕೆ ಬಂದರೆ, ಪೆನ್ಸಿಲಿನಷ್ಟು ಸುಲಭಬೆಲೆಯ, ಅಷ್ಟೇ ಸೂಕ್ಷ್ಮಸಂವೇದಿಯಾದ ಸಾಧನ ಚಿತ್ರಕಲೆಯಲ್ಲಿ ಇನ್ನೊಂದಿಲ್ಲ. ಇಂಗ್ಲೆಂಡಿನ ಕಂಬರ್‌ಲೆಂಡ್ ಪ್ರಾಂತದ ಬಾರೋಡೇಲ್ ಎಂಬ ಕಣಿವೆಯಲ್ಲಿ ಹದಿನಾರನೆಯ ಶತಮಾನದಲ್ಲಿ ಶುದ್ಧವಾದ ಗ್ರಾಫೈಟ್ ಗಟ್ಟಿಗಟ್ಟಿಯಾಗಿ ದೊರೆತಾಗ ಜನ ಅದನ್ನು ಒಂದು ಬಗೆಯ ಸೀಸವೆಂದೇ ತಿಳಿದಿದ್ದರು. ಅದು ಇಂಗಾಲದ ಒಂದು ರೂಪವೆಂಬುದನ್ನು 1779ರಲ್ಲಿ ಸ್ವೀಡನ್ನಿನ ರಸಾಯನಶಾಸ್ತ್ರಜ್ಞ ಷೀಲೆ ತೋರಿಸಿಕೊಟ್ಟನು. ಫ್ರಾನ್ಸಿಗೂ ಇಂಗ್ಲೆಂಡಿಗೂ ಯುದ್ಧ ನಡೆಯುತ್ತಿದ್ದಾಗ ಆ ಗಣಿಯ ಸರಕು ಫ್ರಾನ್ಸಿಗೆ ಬರುವುದು ನಿಂತುಹೋದುದರಿಂದ, ನಿಕೊಲಾ ಜಾಕ್ ಕಾಂಟೆ ಎಂಬಾತನು ಕೀಳುದರ್ಜೆಯ ಗ್ರಾಫೈಟಿನ ಪುಡಿಯನ್ನು ಜೇಡಿಮಣ್ಣಿನೊಡನೆ ಕಲಸಿ, ಕಡ್ಡಿಗಳಾಗಿ ಹೊಸೆದು, ಆವಿಗೆಯಲ್ಲಿ ಸುಟ್ಟು ಗಟ್ಟಿಮಾಡುವ ಕ್ರಮವನ್ನು ಕಂಡುಹಿಡಿದು 1795ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಈಗಲೂ ಪೆನ್ಸಿಲಿನ ಹೃದಯವು ಈ ಮಿಶ್ರಣವೇ. ಜೇಡಿ ಹೆಚ್ಚಿದಷ್ಟೂ ಕಡ್ಡಿ ಗಡುಸು, ಗೆರೆ ತೆಳು. ಗ್ರಾಫೈಟ್ ಹೆಚ್ಚಿದಷ್ಟೂ ಕಡ್ಡಿ ಮೃದು, ಗೆರೆ ಕಪ್ಪು. ಪೆನ್ಸಿಲಿನ ಬೆನ್ನಿನ ಮೇಲೆ ಅಚ್ಚೊತ್ತಿರುವ ಎಚ್ ಮತ್ತು ಬಿ ಅಕ್ಷರಗಳು ಈ ಎರಡು ದಿಕ್ಕುಗಳನ್ನು ಸೂಚಿಸುತ್ತವೆ. ಶಾಲೆಯ ಹುಡುಗರ ಎಚ್‌ಬಿ ಎರಡರ ನಡುವಣದು.

ಕ್ಷಿಪ್ರಚಿತ್ರಕ್ಕೆ 2ಬಿ ಅಥವಾ 4ಬಿ ಸಾಕು. ಕೈಯ ಒತ್ತಡವನ್ನು ಹೆಚ್ಚುಕಡಿಮೆ ಮಾಡಿದ ಮಾತ್ರಕ್ಕೆ ಇವುಗಳಿಂದ ಬೂದಿಬಣ್ಣದ ಎಳೆಯಿಂದ ಹಿಡಿದು ಗಾಢವಾದ ಕಪ್ಪಿನವರೆಗೆ ಎಲ್ಲ ಛಾಯೆಗಳೂ ಹೊರಡುವುದರಿಂದ, ಪೆನ್ಸಿಲು ಬದಲಿಸುತ್ತ ಕೂರುವ ಅಗತ್ಯ ಬೀಳುವುದಿಲ್ಲ. ಮೆಂಡರಿನಿಂದ ಹೆರೆದರೆ ಮೊನೆ ಗಿಡ್ಡವಾಗಿ ನಿಲ್ಲುತ್ತದೆ. ಚಾಕುವಿನಿಂದ ಮರವನ್ನು ನೀಳವಾಗಿ ಕೆತ್ತಿ ಕಡ್ಡಿಯನ್ನು ಒಂದು ಸೆಂಟಿಮೀಟರಿನಷ್ಟು ಹೊರಗೆ ಬಿಟ್ಟರೆ, ಮೊನೆಯಿಂದ ಸಪೂರ ಗೆರೆಯೂ ಕಡ್ಡಿಯ ಪಕ್ಕದಿಂದ ಅಗಲವಾದ ನೆರಳೂ ಒಂದೇ ಪೆನ್ಸಿಲಿನಿಂದ ದೊರೆಯುತ್ತವೆ. ಕಾಗದವು ದುಬಾರಿಯಾಗಿರಲೇಬಾರದು. ಬೆಲೆಬಾಳುವ ಹಾಳೆಯ ಮುಂದೆ ಕೈ ಹೆದರುತ್ತದೆ. ಒಂದು ಬದಿ ಅಚ್ಚಾದ ಹಾಳೆಗಳ ಬೆನ್ನನ್ನು ಒಂದು ರಟ್ಟಿಗೆ ಕ್ಲಿಪ್ಪಿನಿಂದ ಸಿಕ್ಕಿಸಿಕೊಂಡರೆ ಉದಾರವಾಗಿ ಖರ್ಚುಮಾಡಬಹುದು. ರಬ್ಬರನ್ನು ಮನೆಯಲ್ಲಿಯೇ ಬಿಟ್ಟು ಬರತಕ್ಕದ್ದು. ರಬ್ಬರು ಪೆನ್ಸಿಲಿನ ಗುರುತನ್ನು ಅಳಿಸಬಲ್ಲುದೆಂದು ಜೋಸೆಫ್ ಪ್ರೀಸ್ಟ್ಲಿ ಬರೆದದ್ದು 1770ರಲ್ಲಿ. ಅದಕ್ಕೆ ಮೊದಲು ಯೂರೋಪಿನವರು ರೊಟ್ಟಿಯ ಚೂರಿನಿಂದ ಉಜ್ಜಿ ಅಳಿಸುತ್ತಿದ್ದರು. ಅಳಿಸುವ ಸೌಕರ್ಯವಿದೆಯೆಂದು ಬಲ್ಲ ಕೈ ಪ್ರತಿಯೊಂದು ಗೆರೆಯನ್ನೂ ಅರೆಮನಸ್ಸಿನಿಂದ ಎಳೆಯುತ್ತದೆ. ತಪ್ಪಿದ ಗೆರೆಯನ್ನು ಹಾಗೆಯೇ ಬಿಟ್ಟು ಪಕ್ಕದಲ್ಲಿ ಸರಿಯಾದುದನ್ನು ಎಳೆದರೆ, ಆ ಎರಡರ ನಡುವಣ ಅಂತರವೇ ಅಭ್ಯಾಸಿಗೆ ಪಾಠವಾಗುತ್ತದೆ. ರೆಂಬ್ರಾಂಟನ ಅವಸರದ ಚಿತ್ರಗಳಲ್ಲಿಯೂ ಇಂಥ ತಿದ್ದುಪಡಿಗಳು ಮುಚ್ಚುಮರೆಯಿಲ್ಲದೆ ಉಳಿದುಕೊಂಡಿವೆ.

ಹಿಡಿಯುವ ಕ್ರಮ ಮುಖ್ಯವಾದುದು. ಅಕ್ಷರ ಬರೆಯುವಂತೆ ಮೊನೆಯ ಹತ್ತಿರ ಹಿಡಿದರೆ ಬೆರಳುಗಳು ಮಾತ್ರ ಆಡುತ್ತವೆ, ಗೆರೆ ಮೋಟಾಗುತ್ತದೆ. ಪೆನ್ಸಿಲಿನ ಹಿಂಭಾಗವನ್ನು ಅಂಗೈಯ ಅಡಿಗೆ ತಂದುಕೊಂಡು, ಮೊನೆಯಿಂದ ದೂರವಾಗಿ ಹಗುರವಾಗಿ ಹಿಡಿದು, ಮೊಣಕೈಯಿಂದಲೂ ಭುಜದಿಂದಲೂ ತೋಳನ್ನು ಚಲಿಸಲು ಬಿಟ್ಟರೆ ನೀಳವಾದ ಗೆರೆ ತಾನಾಗಿ ಬರುತ್ತದೆ. ಮೊದಮೊದಲು ಇದು ಅತಿ ವಿಚಿತ್ರವಾಗಿ ತೋರುವುದು ಸಹಜ. ಒಂದೆರಡು ವಾರಗಳಲ್ಲಿ ಕೈ ಒಗ್ಗುತ್ತದೆ.

ಇನ್ನು ಮನುಷ್ಯಾಕೃತಿ. ತಲೆಯಿಂದ ಪ್ರಾರಂಭಿಸಿ, ಕಣ್ಣು ಮೂಗು ಬಾಯಿಗಳನ್ನು ಮುಗಿಸಿ, ಕುತ್ತಿಗೆಗೆ ಇಳಿಯುವಷ್ಟರಲ್ಲಿ ಎದುರಿಗಿದ್ದವನು ಎದ್ದುಹೋಗಿರುತ್ತಾನೆ. ಆದುದರಿಂದ ಮೊದಲು ಕಾಣಬೇಕಾದುದು ಅವನು ಏನು ಮಾಡುತ್ತಿದ್ದಾನೆಂಬುದನ್ನು. ಅವನ ಭಾರ ಎಲ್ಲಿ ಬಿದ್ದಿದೆ, ಬೆನ್ನುಹುರಿ ಯಾವ ಕಡೆಗೆ ಬಾಗಿದೆ ಎಂಬುದನ್ನು. ನೆತ್ತಿಯಿಂದ ಹೊರಟು ಬೆನ್ನಿನ ಬಾಗಿನಲ್ಲಿ ಹರಿದು ಭಾರ ಹೊತ್ತ ಕಾಲಿನ ಮೂಲಕ ನೆಲಕ್ಕೆ ಇಳಿಯುವ ಒಂದೇ ಗೆರೆ, ಅದಕ್ಕೆ ಅಡ್ಡಲಾಗಿ ಭುಜಗಳ ಓರೆಯನ್ನೂ ಸೊಂಟದ ಓರೆಯನ್ನೂ ಸೂಚಿಸುವ ಎರಡು ಗೆರೆ: ಇಷ್ಟು ಕಾಗದಕ್ಕೆ ಬಂದರೆ, ಉಳಿದುದು ಬಾರದೆ ಹೋದರೂ, ಒಬ್ಬ ಮನುಷ್ಯ ನಿಂತಿದ್ದಾನೆ ಎನಿಸುತ್ತದೆ. ಒಂದೇ ಕಾಲಿನ ಮೇಲೆ ಭಾರ ಬಿಟ್ಟು ನಿಂತವನ ಕೊರಳಗುಳಿಯಿಂದ ಗಾರೆಕೆಲಸದವರ ತೂಗುಗುಂಡನ್ನು ಇಳಿಬಿಟ್ಟರೆ ದಾರವು ಆ ಕಾಲಿನ ಪಾದದ ಬಳಿಯೇ ಬಂದು ನಿಲ್ಲುತ್ತದೆ. ಆ ಬದಿಯ ಸೊಂಟ ಮೇಲೇಳುತ್ತದೆ, ಅದೇ ಬದಿಯ ಭುಜ ಇಳಿಯುತ್ತದೆ. ಬೇಲೂರಿನ ಮದನಿಕೆಯರ ತ್ರಿಭಂಗದಲ್ಲಿ ಶಿಲ್ಪಿಗಳು ಕಡೆದಿರುವುದು ಈ ನಿಯಮವನ್ನೇ. ಕಂಕುಳಲ್ಲಿ ನೀರಿನ ಕೊಡವಿಟ್ಟುಕೊಂಡು ನಡೆಯುವ ಹೆಂಗಸಿನಲ್ಲಿಯೂ, ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ತಲೆಯ ಮೇಲೆ ಮೂಟೆ ಹೊತ್ತು, ಕುತ್ತಿಗೆಯನ್ನು ಕದಲಿಸದೆ, ಮೊಣಕಾಲುಗಳನ್ನು ತುಸು ಮಡಿಸಿ ಚಿಕ್ಕ ಚಿಕ್ಕ ಹೆಜ್ಜೆಗಳಿಂದ ಸಾಗುವ ಹಮಾಲಿಯಲ್ಲಿಯೂ ಅದೇ ಭಾರದ ಶಾಸ್ತ್ರ ಬೇರೆ ಬೇರೆ ಭಂಗಿಗಳಾಗಿ ಕಾಣಿಸಿಕೊಳ್ಳುತ್ತದೆ. ಹಮಾಲಿಯ ಮುಖ ಹೇಗಿತ್ತೆಂದು ಚಿತ್ರವು ಹೇಳದಿದ್ದರೂ ನಷ್ಟವಿಲ್ಲ. ಮೂಟೆ ಹಗುರವಾಗಿ ಕಂಡರೆ ಮಾತ್ರ ಚಿತ್ರ ಸುಳ್ಳಾಗುತ್ತದೆ.

ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್ ಎಂಬ ಸಂಸ್ಥೆಯಲ್ಲಿ ಬೋಧಿಸುತ್ತಿದ್ದ ಕಿಮಾನ್ ನಿಕೊಲೈಡೀಸರು ಈ ಅಭ್ಯಾಸವನ್ನು ಒಂದು ಶಿಕ್ಷಣಕ್ರಮವಾಗಿ ರೂಪಿಸಿದರು; ಅವರು ತೀರಿಕೊಂಡ ಮೇಲೆ 1941ರಲ್ಲಿ ಅದು ಪುಸ್ತಕವಾಗಿ ಪ್ರಕಟವಾಗಿ ಲೋಕದ ಅನೇಕ ಕಲಾಶಾಲೆಗಳ ರೀತಿಯನ್ನು ಪ್ರಭಾವಿಸಿತು. ಅವರ ಕ್ರಮದಲ್ಲಿ ಎರಡು ಅಭ್ಯಾಸಗಳು ಜೊತೆಜೊತೆಯಾಗಿ ನಡೆಯುತ್ತವೆ. ಒಂದು, ಈಗ ಹೇಳಿದ ಭಂಗಿಯ ಚಿತ್ರ. ಅದರಲ್ಲಿ ಪೆನ್ಸಿಲು ಕಾಗದವನ್ನು ಬಿಡದೆ ಆಕೃತಿಯ ಚಲನೆಯನ್ನು ಹಿಂಬಾಲಿಸುತ್ತದೆ. ಇನ್ನೊಂದು ಅದಕ್ಕೆ ಸಂಪೂರ್ಣ ವಿರುದ್ಧವೆಂದು ತೋರುವ ಪರಿಧಿಚಿತ್ರ. ಎದುರಿಗಿರುವ ವಸ್ತುವಿನ ಅಂಚಿನ ಮೇಲೆ ಒಂದು ಬಿಂದುವಿನಲ್ಲಿ ದೃಷ್ಟಿಯನ್ನಿಟ್ಟು, ಪೆನ್ಸಿಲಿನ ಮೊನೆ ಆ ಬಿಂದುವನ್ನೇ ಮುಟ್ಟಿಕೊಂಡಿದೆಯೆಂದು ಭಾವಿಸಿ, ಕಾಗದವನ್ನು ನೋಡದೆಯೇ, ಕಣ್ಣು ಸರಿದಷ್ಟೇ ನಿಧಾನವಾಗಿ ಕೈಯನ್ನೂ ಸರಿಸುವುದು. ಸ್ವಂತ ಎಡಗೈಯನ್ನು ಮಡಿಸಿ ಮುಂದಿಟ್ಟುಕೊಂಡು ಹತ್ತು ನಿಮಿಷ ಹೀಗೆ ಬರೆದರೆ, ಕಾಗದದ ಮೇಲೆ ಬಂದ ಆಕೃತಿ ಕೈಯನ್ನು ಹೋಲುವುದೇ ಇಲ್ಲ. ಹೆಬ್ಬೆರಳು ಎಲ್ಲಿಯೋ, ಮಣಿಕಟ್ಟು ಎಲ್ಲಿಯೋ ಹೋಗಿರುತ್ತವೆ. ಅದರಿಂದ ಎದೆಗುಂದಬಾರದು. ಆ ಹತ್ತು ನಿಮಿಷಗಳಲ್ಲಿ ಬೆರಳಿನ ಗಂಟಿನ ಮೇಲೆ ಚರ್ಮವು ಮಡಿಕೆಗೊಳ್ಳುವ ಬಗೆ, ಉಗುರು ಮಾಂಸದೊಳಗೆ ಇಳಿಯುವ ಬಗೆ, ಎರಡು ಬೆರಳುಗಳ ನಡುವಣ ಸಂದಿಯ ಆಳ ಇವೆಲ್ಲವೂ ಪ್ರಾಯಶಃ ಜೀವಮಾನದಲ್ಲಿ ಮೊದಲ ಸಲ ಕಣ್ಣಿಗೆ ಬಿದ್ದಿರುತ್ತವೆ. ಬೇಗ ಬರೆಯಬೇಕೆನ್ನುವವನಿಗೆ ಇಂಥ ಮಂದಗತಿಯ ಅಭ್ಯಾಸವೇಕೆಂದರೆ, ಹಿಂದೆ ನಿಧಾನವಾಗಿ ಕಂಡದ್ದನ್ನು ಮಾತ್ರವೇ ಮುಂದೆ ಶೀಘ್ರವಾಗಿ ಗುರುತಿಸಲು ಸಾಧ್ಯ. ಕೈಯ ಗಂಟುಗಳನ್ನು ಒಮ್ಮೆ ಹೀಗೆ ಪರೀಕ್ಷಿಸಿದವನು ಬಸ್ಸಿನ ಕಂಬಿಯನ್ನು ಹಿಡಿದ ಕೈಯನ್ನು ಮೂರು ಗೆರೆಗಳಲ್ಲಿ ಮುಗಿಸಬಲ್ಲ. ಪರೀಕ್ಷಿಸದವನು ಐದು ಬೆರಳುಗಳನ್ನೂ ಲೆಕ್ಕವಿಟ್ಟು ಬರೆದರೂ ಕಂಬಿಯ ಮೇಲೆ ಹಿಡಿತ ಮೂಡುವುದಿಲ್ಲ. ಪರಿಧಿಚಿತ್ರವನ್ನು ಬೇಸರದಿಂದ ಬಿಟ್ಟುಬಿಡುವ ಅಭ್ಯಾಸಿಗಳೇ ಹೆಚ್ಚು. ಬಿಡಬಾರದೆಂದು ಅವರನ್ನು ಕೈಮುಗಿದು ಕೇಳಿಕೊಳ್ಳಬೇಕೆನಿಸುತ್ತದೆ.

ಅಳತೆಯ ವಿಷಯದಲ್ಲಿ ತಿಳಿಯಬೇಕಾದುದು ಸ್ವಲ್ಪ. ತೋಳನ್ನು ಮೊಣಕೈ ಮಡಿಯದಂತೆ ನೀಡಿ, ಒಂದು ಕಣ್ಣು ಮುಚ್ಚಿ, ಪೆನ್ಸಿಲಿನ ತುದಿಯನ್ನು ಎದುರಿನವನ ನೆತ್ತಿಗೂ ಹೆಬ್ಬೆರಳಿನ ಉಗುರನ್ನು ಗದ್ದಕ್ಕೂ ಸರಿಹೊಂದಿಸಿದರೆ ತಲೆಯ ಅಳತೆ ಸಿಕ್ಕಿತು; ಆ ಅಳತೆ ಮೈಯಲ್ಲಿ ಎಷ್ಟು ಸಲ ಅಡಗುತ್ತದೆಂದು ನೋಡಬಹುದು. ನಿಂತ ವಯಸ್ಕನಲ್ಲಿ ಅದು ಸುಮಾರು ಏಳರಿಂದ ಏಳೂವರೆ ಸಲ, ಆಗತಾನೆ ಹೆಜ್ಜೆಯಿಡುವ ಕೂಸಿನಲ್ಲಿ ಹೆಚ್ಚುಕಡಿಮೆ ನಾಲ್ಕೇ ಸಲ. ಕಣ್ಣುಗಳು ನೆತ್ತಿಗೂ ಗದ್ದಕ್ಕೂ ಸರಿಮಧ್ಯದಲ್ಲಿವೆ ಎಂಬುದನ್ನು ಹೊಸಬರು ನಂಬುವುದೇ ಇಲ್ಲ. ಹಣೆಯನ್ನು ಕುಗ್ಗಿಸಿ ಕಣ್ಣುಗಳನ್ನು ಮೇಲಕ್ಕೆ ಒಯ್ಯುತ್ತಾರೆ, ಅದರಿಂದ ತಲೆಯ ಹಿಂಭಾಗವೇ ಇಲ್ಲದಂತಾಗುತ್ತದೆ. ಹೀಗೆ ಅಳೆಯುವುದಕ್ಕಿಂತ ಉಪಯುಕ್ತವಾದ ಇನ್ನೊಂದು ಉಪಾಯವೆಂದರೆ ವಸ್ತುಗಳ ನಡುವಣ ಬರಿದಾದ ಎಡೆಗಳನ್ನು ನೋಡುವುದು. ಸೊಂಟದ ಮೇಲೆ ಕೈಯಿಟ್ಟು ನಿಂತವನ ತೋಳಿಗೂ ಮೈಗೂ ನಡುವೆ ಒಂದು ತ್ರಿಕೋನಾಕಾರದ ಬಯಲು ಉಂಟಾಗುತ್ತದೆ. ತೋಳು ಎಂದರೆ ಹೀಗಿರಬೇಕು ಎಂಬ ಪೂರ್ವಕಲ್ಪನೆ ನಮ್ಮಲ್ಲಿರುವುದರಿಂದ ತೋಳನ್ನು ನೋಡುವಾಗ ಮನಸ್ಸು ವಂಚಿಸುತ್ತದೆ. ಆ ಬಯಲಿಗೆ ಹೆಸರಿಲ್ಲ, ಅದನ್ನು ಕುರಿತು ಯಾವ ಕಲ್ಪನೆಯೂ ನಮಗಿಲ್ಲ, ಆದುದರಿಂದ ಅದರ ಆಕಾರವನ್ನು ಇದ್ದುದಿದ್ದಂತೆ ಕಾಣುತ್ತೇವೆ, ಬಯಲು ಸರಿಯಾಗಿ ಬಂದಾಗ ತೋಳೂ ಸರಿಯಾಗಿ ಬಂದಿರುತ್ತದೆ.

ಚಲಿಸುವ ಜೀವಿಗಳನ್ನು ಬರೆಯುವುದು ಅಸಾಧ್ಯವೆಂಬ ಭಯ ಎಲ್ಲರಿಗೂ ಇದೆ. ಆದರೆ ಚಲನೆ ಬಹುಮಟ್ಟಿಗೆ ಪುನರಾವರ್ತನೆಯೇ. ತರಕಾರಿಯವಳು ತಕ್ಕಡಿ ಎತ್ತುತ್ತಾಳೆ, ತೂಗುತ್ತಾಳೆ, ಚೀಲಕ್ಕೆ ಸುರಿಯುತ್ತಾಳೆ, ಮತ್ತೆ ತಕ್ಕಡಿ ಎತ್ತುತ್ತಾಳೆ. ಇಸ್ತ್ರಿಯವನ ತೋಳು ಹೋದ ದಾರಿಯಲ್ಲಿಯೇ ಮರಳುತ್ತದೆ. ಮಲಗಿ ಮೆಲುಕುಹಾಕುವ ಎಮ್ಮೆ ನೊಣಕ್ಕಾಗಿ ತಲೆ ತಿರುಗಿಸಿದರೂ ಮತ್ತೆ ಹಳೆಯ ಭಂಗಿಗೇ ಬರುತ್ತದೆ. ಒಂದೇ ಪುಟದಲ್ಲಿ ನಾಲ್ಕೈದು ಭಂಗಿಗಳನ್ನು ಅರೆಬರೆಯಾಗಿ ಆರಂಭಿಸಿ, ಯಾವ ಭಂಗಿ ಮರಳಿ ಬಂದಿತೋ ಆ ಚಿತ್ರಕ್ಕೆ ಒಂದೆರಡು ಗೆರೆ ಸೇರಿಸುತ್ತ ಹೋದರೆ ಎಲ್ಲವೂ ಸ್ವಲ್ಪಸ್ವಲ್ಪವಾಗಿ ಬೆಳೆಯುತ್ತವೆ. ಮೈಸೂರಿನಲ್ಲಿ 1921ರಲ್ಲಿ ಹುಟ್ಟಿದ ಆರ್. ಕೆ. ಲಕ್ಷ್ಮಣರು ಬಾಲ್ಯದಲ್ಲಿ ಮನೆಯ ಕಿಟಕಿಯಿಂದ ಕಂಡದ್ದನ್ನೆಲ್ಲ ಬರೆಯುತ್ತಿದ್ದರೆಂದು ತಮ್ಮ ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಒಣಗಿದ ರೆಂಬೆಗಳು, ಸೌದೆ ಒಡೆಯುವ ಆಳು, ಎದುರುಮನೆಯ ಮಾಳಿಗೆಯ ಮೇಲಣ ಕಾಗೆಗಳು ಅವರ ಮೊದಲ ಗುರುಗಳು. ವಿದ್ಯಾರ್ಥಿಯಾಗಿದ್ದಾಗಲೇ ‘ಕೊರವಂಜಿ’ ಪತ್ರಿಕೆಗೆ ಚಿತ್ರ ಬರೆಯುವಷ್ಟು ಅವರ ಕೈ ಪಳಗಿತ್ತು. ಕಾಗೆಯನ್ನು ಅವರು ಜೀವಮಾನವಿಡೀ ಬಿಡಲಿಲ್ಲ. ಕತ್ತನ್ನು ಓರೆಮಾಡಿ ನೋಡುವ ಕಾಗೆ, ಮಳೆಯಲ್ಲಿ ಮುದುಡಿದ ಕಾಗೆ, ಜಗಳಕ್ಕೆ ನಿಂತ ಕಾಗೆ ಹೀಗೆ ಸ್ವಭಾವವೊಂದನ್ನು ಭಂಗಿಯಿಂದಲೇ ಕಾಣಿಸಿದ ಆ ಚಿತ್ರಗಳನ್ನು ನೋಡಿದವರಿಗೆ, ಅತಿ ಸಾಮಾನ್ಯವಾದ ಒಂದು ಹಕ್ಕಿಯಲ್ಲಿ ಎಷ್ಟು ಅಭ್ಯಾಸ ಅಡಗಿದೆಯೆಂಬುದು ಗೊತ್ತಾಗುತ್ತದೆ.

ಹೋದದ್ದು ಮರಳದಿದ್ದಾಗ ನೆನಪೇ ಆಧಾರ. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಲೆಕಾಕ್ ದ ಬ್ವಾಬೋದ್ರಾಂ ಎಂಬ ಉಪಾಧ್ಯಾಯನು ಚಿತ್ರಸ್ಮೃತಿಯನ್ನು ಕ್ರಮಕ್ರಮವಾಗಿ ಬೆಳೆಸುವ ಪದ್ಧತಿಯೊಂದನ್ನು ರೂಪಿಸಿ, ಮೊದಲು ಸರಳ ರೇಖೆಗಳನ್ನೂ ಆಮೇಲೆ ಮುಖಗಳನ್ನೂ ಕೊನೆಗೆ ಬಯಲಿನಲ್ಲಿ ಸ್ವಚ್ಛಂದವಾಗಿ ಓಡಾಡುವ ಮನುಷ್ಯರನ್ನೂ ನೋಡಿ ನೆನಪಿನಿಂದ ಬರೆಯುವಂತೆ ಶಿಷ್ಯರನ್ನು ತರಬೇತುಗೊಳಿಸಿದನು. ಶಿಲ್ಪಿ ರೋಡಿನ್ ಆ ಶಿಷ್ಯರಲ್ಲಿ ಒಬ್ಬ. ನಾವು ಆ ಪದ್ಧತಿಯನ್ನು ಮನೆಯಲ್ಲಿಯೇ ಪ್ರಯೋಗಿಸಬಹುದು. ಒಂದು ಭಂಗಿಯನ್ನು ಅರ್ಧ ನಿಮಿಷ ನೋಡಿ, ಕಣ್ಣು ಮುಚ್ಚಿ ಅದನ್ನು ಮನಸ್ಸಿನಲ್ಲಿ ನಿಲ್ಲಿಸಿಕೊಂಡು, ಆಮೇಲೆ ಬೆನ್ನು ತಿರುಗಿಸಿ ಬರೆಯುವುದು. ನೆನಪು ವಿವರಗಳನ್ನು ತಾನಾಗಿಯೇ ಸೋಸಿ, ಮುಖ್ಯವಾದುದನ್ನು ಮಾತ್ರ ಉಳಿಸಿಕೊಡುತ್ತದೆ. ಶಾಂತಿನಿಕೇತನದ ಕಲಾಭವನದಲ್ಲಿ ನಂದಲಾಲ ಬೋಸರು ಚಿಕ್ಕ ಚಿಕ್ಕ ಕಾರ್ಡುಗಳ ಮೇಲೆ ಎಡೆಬಿಡದೆ ಬರೆದ ಹಳ್ಳಿಯ ಜನ, ದನಕರು, ಗಿಡಮರಗಳ ಚಿತ್ರಗಳಲ್ಲಿ ಈ ಸೋಸುವಿಕೆಯ ಪರಿಪಾಕವನ್ನು ನೋಡಬಹುದು. 1938ರ ಹರಿಪುರ ಕಾಂಗ್ರೆಸ್ಸಿಗಾಗಿ ಅವರು ರಚಿಸಿದ ಭಿತ್ತಿಪಟಗಳಲ್ಲಿ ಬಡಗಿಯೂ ಡೋಲು ಬಾರಿಸುವವನೂ ಬತ್ತ ಕುಟ್ಟುವ ಹೆಂಗಸೂ ಅಷ್ಟು ಕಡಮೆ ಗೆರೆಗಳಲ್ಲಿ ಅಷ್ಟು ತುಂಬಿ ನಿಂತದ್ದು ಆ ಕಾರ್ಡುಗಳ ದೀರ್ಘಾಭ್ಯಾಸದ ಬಲದಿಂದಲೇ.

ನೆರಳು-ಬೆಳಕಿನ ವಿಷಯದಲ್ಲಿ ಹೊಸಬನು ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಕಣ್ಣುಗಳ ರೆಪ್ಪೆಯನ್ನು ಅರ್ಧ ಮುಚ್ಚಿ ನೋಡಿದರೆ ವಿವರಗಳು ಕರಗಿ ದೃಶ್ಯವೆಲ್ಲ ಎರಡು ಮೂರು ಛಾಯೆಗಳಾಗಿ ನಿಲ್ಲುತ್ತದೆ: ಕಾಗದದ ಬಿಳುಪನ್ನೇ ಬೆಳಕಿಗೆ ಬಿಟ್ಟು, ಕಡ್ಡಿಯ ಪಕ್ಕದಿಂದ ಒಂದು ನಡುಛಾಯೆಯನ್ನು ಎಳೆದು, ಅತಿ ಗಾಢವಾದ ಸ್ಥಳಗಳಲ್ಲಿ ಮಾತ್ರ ಒತ್ತಿದರೆ ಸಾಕು. ಆಲದ ಮರವನ್ನು ಎಲೆ ಎಲೆಯಾಗಿ ಬರೆಯಲು ಹೊರಟವನಿಗೆ ಸಾಯಂಕಾಲವಾದರೂ ಮರ ಸಿಕ್ಕುವುದಿಲ್ಲ. ಕಾಂಡದ ನಿಲುವನ್ನೂ ಎಲೆಗಳ ಸಮುದಾಯವು ಆಕಾಶಕ್ಕೆದುರಾಗಿ ಮಾಡುವ ಆಕಾರವನ್ನೂ ಹಿಡಿದು, ಅಂಚಿನಲ್ಲಿ ಅಲ್ಲಲ್ಲಿ ನಾಲ್ಕೆಲೆಗಳನ್ನು ಬಿಡಿಸಿದರೆ ಉಳಿದುವನ್ನು ನೋಡುವವನ ಮನಸ್ಸೇ ತುಂಬಿಕೊಳ್ಳುತ್ತದೆ. ಕಟ್ಟಡಗಳಲ್ಲಿ, ನಮ್ಮ ಕಣ್ಣಿನ ಮಟ್ಟಕ್ಕಿಂತ ಮೇಲಿರುವ ಗೆರೆಗಳು ದೂರ ಹೋದಂತೆ ಕೆಳಗಿಳಿಯುತ್ತವೆ, ಕೆಳಗಿರುವುವು ಮೇಲೇರುತ್ತವೆ ಎಂಬ ಒಂದು ನಿಯಮವನ್ನು ನೆನಪಿಟ್ಟುಕೊಂಡು, ಓರೆಯ ಪ್ರಮಾಣವನ್ನು ಪೆನ್ಸಿಲನ್ನು ಅಡ್ಡ ಹಿಡಿದು ಎತ್ತಿಕೊಂಡರೆ ಸದ್ಯಕ್ಕೆ ಸಾಲುತ್ತದೆ.

ಕಾಲವಿಭಾಗವನ್ನು ಹೀಗೆ ಮಾಡಿಕೊಳ್ಳಬಹುದೆಂದು ನನ್ನ ಸೂಚನೆ. ದಿನಕ್ಕೆ ಅರ್ಧ ಗಂಟೆ ದೊರೆತರೆ, ಮೊದಲ ಹತ್ತು ನಿಮಿಷ ಅರ್ಧ ನಿಮಿಷದ ಭಂಗಿಗಳು, ಮುಂದಿನ ಹತ್ತು ನಿಮಿಷ ನಿಧಾನವಾದ ಒಂದೇ ಪರಿಧಿಚಿತ್ರ, ಕೊನೆಯ ಹತ್ತು ನಿಮಿಷ ಐದೈದು ನಿಮಿಷದ ಎರಡು ಚಿತ್ರಗಳು. ಮನೆಯವರು ಓದುತ್ತಲೋ ಅಕ್ಕಿ ಆರಿಸುತ್ತಲೋ ಕುಳಿತಿರುವಾಗ ಅಭ್ಯಾಸಕ್ಕೆ ಬೇಕಾದಷ್ಟು ಅವಕಾಶವಿದೆ. ಅರ್ಧ ನಿಮಿಷದ ಚಿತ್ರವನ್ನು ಸಮಯ ಮುಗಿದೊಡನೆ, ಅದು ಎಷ್ಟೇ ಅಪೂರ್ಣವಾಗಿದ್ದರೂ, ನಿಲ್ಲಿಸಿಬಿಡಬೇಕು. ಇನ್ನಷ್ಟು ಸೇರಿಸುವ ಆಸೆಯನ್ನು ತಡೆದುಕೊಂಡಾಗ ಮಾತ್ರ ಮುಂದಿನ ಚಿತ್ರದಲ್ಲಿ ಕಣ್ಣು ಮುಖ್ಯವಾದುದನ್ನು ಮೊದಲು ಹುಡುಕಲು ಕಲಿಯುತ್ತದೆ. ಪ್ರಾರಂಭದ ಕೆಲವು ತಿಂಗಳು ಬರೆದುದೆಲ್ಲ ಕುರೂಪವಾಗಿಯೇ ತೋರುತ್ತದೆ. ಅಭ್ಯಾಸದಿಂದ ಕೈಗಿಂತ ಮೊದಲು ಕಣ್ಣು ಸುಧಾರಿಸುವುದು ಇದಕ್ಕೆ ಕಾರಣ. ನಿನ್ನೆ ಕಾಣದಿದ್ದ ದೋಷಗಳು ಇಂದು ಕಾಣತೊಡಗಿದುವೆಂದರೆ ಅಭ್ಯಾಸ ಸರಿಯಾದ ದಾರಿಯಲ್ಲಿದೆಯೆಂದೇ ತಿಳಿಯಬೇಕು.

ಹೊರಗೆ ಕುಳಿತು ಬರೆಯುವವರಿಗೆ ಒಂದು ಮರ್ಯಾದೆಯ ಮಾತನ್ನೂ ಹೇಳಬೇಕಾಗಿದೆ. ನಮ್ಮ ಚಿತ್ರಕ್ಕಾಗಿ ಯಾರೂ ಸಂತೆಗೆ ಬಂದವರಲ್ಲ. ದುಡಿಯುವವರನ್ನು ಎದುರಿಗೆ ನಿಂತು ದುರುಗುಟ್ಟಿ ನೋಡುವುದು ಅಪಚಾರ. ಸ್ವಲ್ಪ ದೂರದಲ್ಲಿ, ದಾರಿಗೆ ಅಡ್ಡಿಯಾಗದಂತೆ, ಬೆನ್ನಿಗೆ ಗೋಡೆಯಿರುವಲ್ಲಿ ಕೂರುವುದು ಉತ್ತಮ. ತನ್ನನ್ನು ಬರೆಯುತ್ತಿದ್ದಾರೆಂದು ತಿಳಿದು ಯಾರಾದರೂ ಮುಖ ತಿರುಗಿಸಿಕೊಂಡರೆ ಪೆನ್ಸಿಲನ್ನು ಕೆಳಗಿಡತಕ್ಕದ್ದು. ಹತ್ತಿರ ಬಂದು ‘ಎಲ್ಲಿ, ತೋರಿಸಿ ಸ್ವಾಮಿ’ ಎಂದರೆ, ಚಿತ್ರ ಹೇಗೆಯೇ ಬಂದಿರಲಿ, ತೋರಿಸಬೇಕು. ಹಣ್ಣಿನಂಗಡಿಯ ಮುದುಕಿ ತನ್ನ ಚಿತ್ರವನ್ನು ನೋಡಿ, ತಕ್ಕಡಿ ಎತ್ತಿ ಹಿಡಿಯುವ ಕೈ ಎಡಗೈಯೆಂದು ತಿದ್ದಿದರೆ ಅದಕ್ಕಿಂತ ದೊಡ್ಡ ವಿಮರ್ಶೆ ಆ ದಿನ ದೊರೆಯಲಾರದು. ಮಕ್ಕಳು ಸುತ್ತುಗಟ್ಟಿದರಂತೂ ಅವರಿಗೂ ಒಂದೊಂದು ಹಾಳೆಯನ್ನೂ ಪೆನ್ಸಿಲಿನ ತುಂಡನ್ನೂ ಕೊಟ್ಟು ಕೂರಿಸಿಕೊಳ್ಳಬೇಕೆಂಬುದು ನನ್ನ ಅಪೇಕ್ಷೆ.

ಬರೆದ ಹಾಳೆಗಳನ್ನು, ಚೆನ್ನಾಗಿ ಬಂದುವು ಬಾರದಿದ್ದುವು ಎಂದು ವಿಂಗಡಿಸದೆ, ಎಲ್ಲವನ್ನೂ ಉಳಿಸಿಕೊಳ್ಳುವುದು ಒಳ್ಳೆಯದು. ಮೂಲೆಯಲ್ಲಿ ತಾರೀಖು, ಸ್ಥಳ, ಹಿಡಿದ ಕಾಲ ಇಷ್ಟನ್ನು ಬರೆದಿಟ್ಟರೆ ಆರು ತಿಂಗಳ ಅನಂತರ ಹೋಲಿಸಿ ನೋಡಲು ಅನುಕೂಲ. 4ಬಿಯಂಥ ಮೃದುವಾದ ಪೆನ್ಸಿಲಿನ ಗೆರೆ ಉಜ್ಜಿದರೆ ಹರಡಿಕೊಳ್ಳುವ ಸ್ವಭಾವದ್ದಾದುದರಿಂದ, ಹಾಳೆಗಳನ್ನು ಒಂದರ ಮೇಲೊಂದು ಪೇರಿಸುವಾಗ ನಡುನಡುವೆ ತೆಳುವಾದ ಕಾಗದವನ್ನು ಹಾಕಿ, ಎರಡು ರಟ್ಟುಗಳ ನಡುವೆ ಕಟ್ಟಿ, ಒರಗಿಸದೆ ಮಟ್ಟಸವಾಗಿ ಮಲಗಿಸಿಡಬೇಕು.